ಐಸ್ ಫ್ಯಾಕ್ಟರಿ ತುದಿಯಿಂದ

ಬೈತಖೋಲದ ನಮ್ಮ ಮೈದಾನಕ್ಕೆ ಎರಡು ತುದಿ:
ದೀಪಸ್ತಂಭದ್ದು ಒಂದು, ಐಸ್ ಫ್ಯಾಕ್ಟರಿಯದು ಒಂದು.
ಇಳಿತಕ್ಕೆ ಟಾಸು, ಭರತಿಗೆ ಸ್ಟಂಪು ಕೀಳುವುದು.
ಸೋಲುತ್ತಿರುವವರು ಸಮುದ್ರದ ಕಡೆ ನೋಡುತ್ತ
ಬೂಟಿನ ದಾರ ಬಿಚ್ಚಿ ಬಿಚ್ಚಿ ಕಟ್ಟುತ್ತಿದ್ದರು.
ಬೂಟಿದ್ದವರು, ಅಂದರೆ ಪಾಸ್ಕೋಲ್ ಒಬ್ಬನೇ.

ಸ್ಕೋರು ಬರೆಯುತ್ತಿದ್ದವನು ನನ್ನಪ್ಪ,
ಮೀನು ಹರಾಜಿನ ಗುಮಾಸ್ತ.
ಅದೇ ಉದ್ದ ಪುಸ್ತಕ, ಅದೇ ನೀಲಿ ಪೆನ್ಸಿಲು;
ಮುಂದಿನಿಂದ ಬುಟ್ಟಿಗಳ ಲೆಕ್ಕ, ಹಿಂದಿನಿಂದ ಓವರುಗಳದು.
ಎರಡೂ ನಡುವೆ ಎಲ್ಲೋ ಮುಖಾಮುಖಿಯಾದರೆ
ಹೊಸ ಪುಸ್ತಕ.
ಹನ್ನೊಂದು ಇವೆ, ನನ್ನ ಹತ್ತಿರ.

ಸಂಬಳದ ಆಟಗಾರರು ನಮ್ಮವರು, ನಗಬೇಡಿ.
ದೋಣಿ ಯಜಮಾನ ತಾಂಡೇಲರ ಕರಾರು:
ವಿಕೆಟ್ಟಿಗೆ ಇಪ್ಪತ್ತು ಬಂಗುಡೆ,
ಕ್ಯಾಚು ಬಿಟ್ಟರೆ ಐದು ವಾಪಸು,
ಬ್ಯಾಟಿನವರಿಗೆ ಚಪ್ಪಾಳೆ.
ಹಾಗಾಗಿ ಈ ಕೇರಿಯ ತಾಯಂದಿರೆಲ್ಲ
ಬೌಲರುಗಳನ್ನೇ ಹೆತ್ತರು.

ಮೊದಲ ಪುಸ್ತಕದಲ್ಲಿ ಧಾಕು ಹರಿಕಂತ್ರ.
ಬೀಸುಬಲೆ ಬೀಸಿ ಬೀಸಿ ಬಾಗಿದ ಮೊಣಕೈ.
ಹುಬ್ಬಳ್ಳಿಯಿಂದ ಬಂದ ಅಂಪೈರು
ಇದು ಕಲ್ಲೆಸೆತ, ಬೌಲಿಂಗಲ್ಲ ಎಂದ.
ಒಂದೇ ಓವರಿನಲ್ಲಿ ಒಂಬತ್ತು ನೋಬಾಲು.
ಧಾಕು ಚೆಂಡನ್ನು ಅವನ ಕೈಲಿಟ್ಟು
‘ಈ ಕೈ ನೆಟ್ಟಗಾದರೆ ಮನೇಲಿ ಗಂಜಿ ಬೇಯೂದಿಲ್ಲ, ಸ್ವಾಮಿ’
ಎಂದವನೇ ಫೈನ್ ಲೆಗ್ಗಿಗೆ ನಡೆದ,
ಮೊಣಕಾಲುದ್ದ ನೀರಿಗೆ.
ಅಪ್ಪ ಒಂಬತ್ತನ್ನೂ ಬರೆದಿದ್ದಾನೆ.
ಪಕ್ಕದಲ್ಲಿ ಸಣ್ಣದೊಂದು ಗಾಳದ ಚಿತ್ರ.

ಪಾಸ್ಕೋಲ್, ಇಗರ್ಜಿಯ ಗಂಟೆ ಎಳೆದ ಎಡಗೈ,
ಭಾನುವಾರ ಯಾವಾಗಲೂ ತಡ.
ಬೊಮ್ಮ ಗೌಡ, ಅವ್ವನ ಹರಿವೆ ಬುಟ್ಟಿ ದಂಡೆಗಿಳಿಸಿ
ಹಾಕಿದ್ದು ನಾಲ್ಕು ಓವರು, ನಾಲ್ಕೂ ಮೇಡನ್.
ಬುಟ್ಟಿ ಎತ್ತಿಕೊಂಡು ಹೋದವನು ಮತ್ತೆ ಬರಲಿಲ್ಲ.

ಐದನೇ ಪುಸ್ತಕ ಬಿಡಿಸಿದರೆ ಗಫಾರ್, ಪುಟ ಪುಟಕ್ಕೂ ಗಫಾರ್.
ಐಸು ಪುಡಿಮಾಡುವ ಯಂತ್ರ ಎರಡು ಬೆರಳು ತಿಂದಿತ್ತು.
ಉಳಿದ ಮೂರರಿಂದ ಹೊರಟ ಚೆಂಡು ಎತ್ತ ತಿರುಗುತ್ತದೆಂದು
ಅವನಿಗೂ ಗೊತ್ತಿರಲಿಲ್ಲ ಎಂಬುದು ಕುಮಟೆಯವರ ದೂರು.
ಗುಟ್ಟು ಕೇಳಿದರೆ ಹೇಳುತ್ತಿದ್ದ:
‘ಇಲ್ಲದ ಬೆರಳಿಂದ ಹಿಡೀತೇನೆ, ಇದ್ದದ್ದರಿಂದ ಬಿಡ್ತೇನೆ.’
ಇನ್ನೂರ ಏಳು ವಿಕೆಟ್ಟು.
ನಾಲ್ಕು ಸಾವಿರದ ನೂರ ನಲವತ್ತು ಬಂಗುಡೆ;
ಅರ್ಧ ಹಂಚಿದ, ಉಳಿದರ್ಧ ಬೆಕ್ಕುಗಳಿಗೂ ಸಾಕಾಗಿತ್ತು.

ಏಳನೆಯದರಲ್ಲಿ ಒಂದು ಸಾಲು ಮುಗಿಯದೆ ನಿಂತಿದೆ.
ಗುಣೋ ದುರ್ಗೇಕರ, ಹದಿನಾಲ್ಕು.
ಭರತಿ ಬಂತು, ಉಳಿದದ್ದು ನಾಳೆ ಎಂದರು.
ರಾತ್ರಿ ದೋಣಿ ಹೊರಟಿತು.
ಮೂರನೇ ದಿನ ಎದುರು ತಂಡದವರು ಬಂದು ಮೆಲ್ಲಗೆ,
‘ಏನಾದರೂ ಬರೀರಿ, ಲೆಕ್ಕ ಮುಗೀಲಿ.’
ಅಪ್ಪ ಹರಾಜಿಗೆ ಹೊತ್ತಾಯಿತೆಂದು ಎದ್ದು ಹೋದ.
ಅಂದು ಹರಾಜಿರಲಿಲ್ಲ.

ಅವನ ಕಣ್ಣು ಮಂಜಾಗಿ ಪೆನ್ಸಿಲು ನನ್ನ ಕೈಗೆ ಬಂದಾಗ
ಹೆಂಗಸು ಬರೆದರೆ ವೈಡು ಜಾಸ್ತಿ ಎಂದು ನಕ್ಕರು.
ಹಾಕಿದವನನ್ನು ಕೇಳಿ, ಎಂದೆ.

ಈಗ ಜೆಟ್ಟಿ ಉದ್ದವಾಗಿ ಮೈದಾನ ಗಿಡ್ಡ.
ದೀಪಸ್ತಂಭದ ತುದಿ ಕಾಂಕ್ರೀಟಿನಡಿ;
ಎಲ್ಲ ಓವರೂ ಐಸ್ ಫ್ಯಾಕ್ಟರಿ ಕಡೆಯಿಂದಲೇ.
ಇಪ್ಪತ್ತು ಹೆಜ್ಜೆ ಓಡುತ್ತಿದ್ದ ಜಾಗದಲ್ಲಿ ಒಂಬತ್ತು ಹೆಜ್ಜೆ
ಓಡಿ ಬರುತ್ತಾನೆ ಧಾಕುವಿನ ಮೊಮ್ಮಗ, ಮೊಬೈಲು ರಿಪೇರಿಯವನು.
ಬಲೆ ಮುಟ್ಟಿದ ಕೈಯಲ್ಲ.
ಆದರೂ ಅದೇ ಮೊಣಕೈ, ಅದೇ ಬಾಗು.
ಅಂಪೈರು ನನ್ನತ್ತ ನೋಡುತ್ತಾನೆ.
ನಾನು ಪೆನ್ಸಿಲು ಹೆರೆಯುತ್ತಿರುತ್ತೇನೆ.

ನಿನ್ನೆ ಐದನೆಯದನ್ನು ಬಿಸಿಲಿಗೊಡ್ಡುವಾಗ
ಚುಕ್ಕಿಗಳ ಸಾಲಲ್ಲಿ ಒಂದು ಹೊಳೆಯಿತು.
ಮೀನಿನ ಹುರುಪೆ.
ಉಗುರಿನಿಂದ ಕೆರೆದೆ, ಬಿಡಲಿಲ್ಲ.
ಓವರು ಎಣಿಸಿದೆ.
ಅದನ್ನೂ ಸೇರಿಸಿದರೆ ಆರು.