ಸವೆದಷ್ಟು

ತೀನ್ ಕಂದಿಲ್ ಹಿಂದೆ ಚಾಂದ್‌ಪಾಷಾನ ಗುಜರಿ ಅಂಗಡಿಯಲ್ಲಿ
ನಾನು ಲೆಕ್ಕ ಬರೆಯುವವಳು.
ಕಬ್ಬಿಣ ಕಿಲೋಕ್ಕೆ ಇಪ್ಪತ್ತಾರು, ರದ್ದಿ ಹನ್ನೆರಡು,
ತಾಮ್ರಕ್ಕೆ ಆ ದಿನದ ಭಾವ.
ಚಾಕು ಬಂದರೆ ಅದೂ ಕಬ್ಬಿಣವೇ.
ಹಿಡಿ ಒಡೆದು ಕಟ್ಟಿಗೆ ಬೇರೆ ಮಾಡಿ
ತಕ್ಕಡಿಗೆ ಎಸೆಯುತ್ತಾರೆ.
ಎಸೆಯುವ ಮೊದಲೇ ನಾನು ಕೈ ಚಾಚುತ್ತೇನೆ.

"ಇದನ್ನೂ ಪಗಾರದಾಗ ಹಿಡೀಲೇನು ಶಿವಂಗಮ್ಮ?"
ಹಿಡಿಯಲಿ.
ಬಳೆಗೆ ಸುರಿಯುವವರಿಲ್ಲವೇ.

ಹೊಸದು ನನಗೆ ಬೇಡ.
ಬಜಾರದಲ್ಲಿ ರಟ್ಟಿಗೆ ಹೊಲಿದು ತೂಗುಹಾಕಿದ
ಹಸಿರು ಹಿಡಿಯ, ಕೆಂಪು ಹಿಡಿಯ ಚಾಕುಗಳು
ಇನ್ನೂ ಏನನ್ನೂ ಕಳೆದುಕೊಂಡಿಲ್ಲ.
ಏನಂತ ಮಾತಾಡಿಸುವುದು ಅವನ್ನು?
ನನಗೆ ಬೇಕಾದದ್ದು
ಅಲಗಿನಲ್ಲಿ ಈಗ ಇಲ್ಲದ ಭಾಗ.

ಮಿರ್ಚಿ ಬಂಡಿಯ ಮೌನೇಶನದು ನೋಡಿ,
ಹಸಿದ ಹೊಟ್ಟೆಯ ಹಾಗೆ ನಡುವೆ ಒಳಗೆ ಸರಿದಿದೆ.
ಹದಿನಾರು ವರ್ಷದ ಉಳ್ಳಾಗಡ್ಡಿ
ಒಂದು ಬೆರಳಗಲ ಕಬ್ಬಿಣ ಒಯ್ದಿದೆ.
ಅದನ್ನು ತಿಂದವರಲ್ಲಿ ನಾನೂ ಒಬ್ಬಳು.

ಇದು ಗಂಜಿನ ಹಮಾಲಿಯದು,
ಹತ್ತಿ ಅಂಡಿಗೆಯ ತಟ್ಟು ಸೀಳಿದ್ದು.
ಹಿಡಿಯ ಬಲಮಗ್ಗುಲಿಗೆ ಹೆಬ್ಬೆರಳಿನ ಗುಳಿ. ಎಡಚ.
ನನ್ನ ಹೆಬ್ಬೆರಳು ಅಲ್ಲಿ ಕೂರುವುದಿಲ್ಲ,
ಕೂರಿಸಿದರೆ ಮುಂಗೈ ಇನ್ಯಾರದೋ ಆಗುತ್ತದೆ.

ಮೇ ತಿಂಗಳ ರಾತ್ರಿ ಹನ್ನೊಂದಕ್ಕೆ ಟ್ರಂಕು ತೆರೆದರೆ
ರಾಯಚೂರಿನ ಬಿಸಿಲು ಇನ್ನೂ ಅಲಗುಗಳಲ್ಲೇ ಇರುತ್ತದೆ.
ಮುಟ್ಟಿದರೆ ಬೆಚ್ಚಗೆ,
ಯಾರೋ ಈಗಷ್ಟೇ ಕೆಳಗಿಟ್ಟು ಎದ್ದು ಹೋದ ಹಾಗೆ.
ಯಾವುದಕ್ಕೂ ಸಾಣೆ ಹಿಡಿಸಿಲ್ಲ.
ಹಿಡಿಸಿದರೆ ಇನ್ನಷ್ಟು ಹೋಗುತ್ತದೆ,
ಅದು ನನ್ನಿಂದ ಹೋಗಬಾರದು.
ಬದನೆಕಾಯಿಗೆ ಮನೆಯಲ್ಲಿ ಈಳಿಗೆ ಇದೆ.

ಕಳೆದ ತಿಂಗಳು ಪಕ್ಕದ ಮನೆಯ ಬಸಲಿಂಗಮ್ಮ ಬಂದಳು.
ಸೊಸೆ ಬಾಣಂತಿ. ಕೂಸು ನಿದ್ದೆಯಲ್ಲಿ ಬೆಚ್ಚಿ ಬೀಳುತ್ತದೆ,
ದಿಂಬಿನ ಕೆಳಗೆ ಕಬ್ಬಿಣ ಇಡಬೇಕು.
"ಅಷ್ಟೊಂದು ಅದಾವಲ್ಲ, ಒಂದು ಕೊಡು.
ರಕ್ತ ಕಾಣದ್ದು ಕೊಡು ಮತ್ತ."

ಟ್ರಂಕಿನ ಮುಂದೆ ಕೂತೆ. ಮೂವತ್ತೊಂದು.
ಇಷ್ಟು ವರ್ಷ ಗುಳಿ ಓದಿದವಳು
ಈ ಒಂದು ಮಾತನ್ನು ಯಾವುದಕ್ಕೂ ಕೇಳಿರಲಿಲ್ಲ.
ಮೌನೇಶ ಯಾವ ರಾತ್ರಿ ಏನು ಹೆಚ್ಚಲು ಎದ್ದಿದ್ದನೋ.
ಎಡಚ ಯಾಕೆ ಊರು ಬಿಟ್ಟನೋ.
ಗುಜರಿಗೆ ಹಳತಾದದ್ದಷ್ಟೇ ಬರುವುದಿಲ್ಲ,
ಮನೆಯಲ್ಲಿ ಇಟ್ಟುಕೊಳ್ಳಲಾಗದ್ದೂ ಬರುತ್ತದೆ.
ಬೆರಳಿಗೆ ಮೊದಲ ಸಲ ಅವು ತಣ್ಣಗೆ ತಾಗಿದವು.

ಖಾತ್ರಿ ಇದ್ದದ್ದು ಒಂದೇ, ಹುಲಿಗೆಪ್ಪನ ರಂಪಿಗೆ.
ಸ್ಟೇಶನ್ ಮುಂದೆ ಅವನೆದುರು ಒಂಟಿ ಕಾಲಲ್ಲಿ ನಿಂತು
ಎಷ್ಟು ಸಲ ನೋಡಿದ್ದೇನೆ:
ತೊಗಲು, ಟೈರು, ಮತ್ತೆ ತೊಗಲು.
ಅವನದೇ ಹೆಬ್ಬೆರಳು ಬಿಟ್ಟರೆ
ಯಾರ ರಕ್ತವನ್ನೂ ಕಂಡದ್ದಲ್ಲ.
"ಕೈ ನಡುಗತಾವ ತಂಗಿ, ನೀನ ಇಟ್ಟಕ" ಎಂದು
ಅಂಗೈಗೇ ಇಟ್ಟಿದ್ದ.
ಅಲಗು ಕೈಯಿಂದ ಕೈಗೆ ಹೋಗಬಾರದೆಂದು
ಇಬ್ಬರಿಗೂ ನೆನಪಾಗಲಿಲ್ಲ.

ಬಸಲಿಂಗಮ್ಮ ಮರೆಯುವವಳಲ್ಲ.
"ನೆಲಕ್ಕಿಡು" ಅಂದಳು. ಇಟ್ಟೆ.
ಎತ್ತಿಕೊಂಡು ಕಣ್ಣಿಗೆ ಒತ್ತಿಕೊಂಡಳು.
ಹುಲಿಗೆಪ್ಪನ ದುಡ್ಡನ್ನೂ
ಅವಳು ಹೀಗೆಯೇ ನೆಲಕ್ಕಿಡುತ್ತಿದ್ದಳು.
ಯಾರದೆಂದು ಕೇಳಲಿಲ್ಲ.
ನಾನು ಹೇಳಲಿಲ್ಲ.

ಕೂಸು ಮಲಗಿತಂತೆ.
ನಾನು ವಾಪಸು ಕೇಳಿಲ್ಲ.
ಟ್ರಂಕಿನ ಹಳೇ ಸೀರೆಯ ಮೇಲೆ
ರಂಪಿಗೆಯ ಆಕಾರದ ತುಕ್ಕು ಉಳಿದಿದೆ,
ಒಗೆಯಲು ಮನಸ್ಸಿಲ್ಲ.
ಅದರ ಲೆಕ್ಕ ಪಗಾರದಲ್ಲೂ ಇಲ್ಲ,
ಅದು ತಕ್ಕಡಿ ಏರಿದ್ದೇ ಅಲ್ಲ.