ಎಡತೊಡೆಯ ಹಸಿರು

ಹಂಬರ್ ನದಿ ಕಡಲಿಗೆ ಬಾಯಿ ತೆರೆಯುವಲ್ಲಿ
ನಮ್ಮ ಊರು, ನಮ್ಮ ಮೈದಾನ. ಪೂರ್ವದ ಗ್ಯಾಲರಿಯ ಕೆಳಗೆ
ಕಿಟಕಿಯಿಲ್ಲದ ಈ ಕೋಣೆ, ಮೂರು ಮೆಷಿನು, ನಾನು.
ಆಟ ನೋಡಿದ್ದು ಕಡಿಮೆ, ಕೇಳಿದ್ದೇ ಹೆಚ್ಚು.
ತಲೆಯ ಮೇಲೆ ನಾಲ್ಕು ಸಾವಿರ ಜನ ಕಾಲು ಬಡಿದರೆ
ಸೋಪಿನ ಪುಡಿ ಡಬ್ಬಿಯೊಳಗೆ ಮೆಲ್ಲಗೆ ಕುಸಿಯುತ್ತದೆ.
ಗೋಲೋ, ಬರೀ ಚಳಿಯೋ, ಅಷ್ಟರಿಂದಲೇ ಹೇಳಬಲ್ಲೆ.

ಉಳಿದದ್ದನ್ನು ಬಟ್ಟೆ ಹೇಳುತ್ತದೆ.
ಮುಂದೆ ಆಡುವವರ ಚಡ್ಡಿಗೆ ಹಿಂದೆ ಕೆಸರು: ಬೀಳುವುದೇ ಅವರ ಕಸುಬು.
ಗೋಲ್‌ಕೀಪರನದು ಮೊಣಕೈ.
ಐದನೇ ನಂಬರಿನದು ಎಡತೊಡೆ, ಸೊಂಟದಿಂದ ಅಂಚಿನವರೆಗೆ
ಒಂದೇ ಎಳೆತದ ಹಸಿರು, ಯಾರೋ ಸುಣ್ಣದ ಕುಂಚ ಬಳಿದ ಹಾಗೆ.
ಬಲತೊಡೆ ಮಾತ್ರ ಇಸ್ತ್ರಿಯ ಗೆರೆಯೂ ಮುರಿಯದೆ ವಾಪಸು.

ಗ್ವೆನಯೆಲ್ ಕೆರ್ಡ್ರೆನ್. ಬ್ರಿಟನಿಯವನು, ಬ್ರಿಟನ್ನಿನವನಲ್ಲ
ಅಂತ ಮೊದಲ ವಾರ ನೂರು ಸಲ ಹೇಳಿ ಸುಸ್ತಾದ.
ಹೆಸರು ಯಾರ ನಾಲಿಗೆಯಲ್ಲೂ ಹೊರಳಲಿಲ್ಲ. ಮೊಟಕು ಮಾಡಿ ಗ್ವೆನ್ ಅಂದರು.
ಗ್ವೆನ್ ಅಂದರೆ ನಾನು! ಐವತ್ತೊಂದರ ಹೆಂಗಸು,
ಇದೇ ಕೋಣೆಯಲ್ಲಿ ಇದೇ ಹೆಸರಿಗೆ ಓಗೊಟ್ಟು ಹಣ್ಣಾದವಳು.
ಇಡೀ ಗ್ಯಾಲರಿ ಗ್ವೆನ್, ಗ್ವೆನ್ ಎಂದು ಕೂಗಿದ ದಿನ
ಒದ್ದೆ ಕಾಲುಚೀಲ ಹಿಡಿದೇ ಬಾಗಿಲ ತನಕ ಹೋಗಿಬಿಟ್ಟಿದ್ದೆ.

ಅವನ ಕಾಗದ ನನಗೆ, ಸೋಪಿನ ಬಿಲ್ಲು ಅವನಿಗೆ.
ಗೊತ್ತಾಗದೆ ಒಂದನ್ನು ಒಡೆದೆ. ಅಕ್ಷರ ಅವೇ, ಮಾತು ಬೇರೆ.
ತಾಯಿಯದಂತೆ. ಮೂವತ್ತು ವರ್ಷ ಸಾರ್ಡೀನು ಮೀನನ್ನು ಡಬ್ಬಿಗೆ ತುಂಬಿದ ಕೈ.
ಏನು ಬರೆದಿದ್ದಾರೆ? ಅಂದೆ.
ನೀನು ಗೋಲು ಹೊಡೆಯುವುದು ಯಾವಾಗ, ಅಂತ.

ಹನ್ನೊಂದು ವರ್ಷ. ಹೊಡೆದದ್ದು ಎರಡು.
ನಮ್ಮದೇ ಬಲೆಗೆ ಮೂರು.
ಮೂರನೆಯದರ ರಾತ್ರಿ, ಹೊರಗೆ ಜನ ಕರಗುವ ತನಕ
ಇಲ್ಲೇ ಡ್ರೈಯರಿಗೆ ಬೆನ್ನು ಕೊಟ್ಟು ಕೂತಿದ್ದ.
ಸಮಾಧಾನದ ಮಾತು ನನಗೆ ಬರುವುದಿಲ್ಲ. ಕಾಲುಚೀಲದ ಬುಟ್ಟಿ ಮುಂದಿಟ್ಟೆ.
ಎಲ್ಲ ಒಂದೇ ಬಣ್ಣ, ಒಂದೇ ಪಟ್ಟೆ,
ಆದರೂ ದೀಪಕ್ಕೆ ಹಿಡಿದು ಹಿಡಿದು ನೋಡಿ ಜೋಡಿ ಮಾಡಿದ.

ನಾಲ್ಕು ಮ್ಯಾನೇಜರು ಬಂದು ಹೋದರು.
ಒಬ್ಬ ಇವನನ್ನು ಬೆಂಚಿನ ಮೇಲೆ ಒಣಹಾಕಿದ.
ಆ ಚಳಿಗಾಲ ಐದನೇ ನಂಬರು ತೊಳೆಯುವ ಅಗತ್ಯವೇ ಇರಲಿಲ್ಲ.
ತೊಳೆದೆ.

ಹತ್ತನೇ ವರ್ಷ, ಫೆಬ್ರವರಿ. ಗಂಟು ಬಿಚ್ಚಿದರೆ
ಬಲತೊಡೆ ಹಸಿರು.
ಒಳಗು ಹೊರಗು ತಿರುವಿ ನೋಡಿದೆ. ಎಡ ಬೆಳ್ಳಗೆ.
ಮುಂದಿನ ಶನಿವಾರವೂ ಹಾಗೇ.
ಡಾಕ್ಟರಿಗಿಂತ ಮೊದಲು ನನಗೆ ತಿಳಿಯಿತು ಆ ಎಡಮಂಡಿಯ ಗುಟ್ಟು.
ಕೇಳಿದ್ದಕ್ಕೆ ಬಾಗಿಲು ಮುಂದೆ ಮಾಡಿ, ತುಟಿಗೆ ಬೆರಳಿಟ್ಟ.
ಕರಾರು ಮುಗಿಯಲು ಇನ್ನೂ ಹದಿನಾಲ್ಕು ತಿಂಗಳು.
ಅಂದಿನಿಂದ ಅವನದನ್ನು ಬೇರೆ ತೆಗೆದು, ಕೈಯಲ್ಲೇ,
ಎಲ್ಲರದಕ್ಕಿಂತ ಮೊದಲು ಹಿಂಡಿದೆ.
ಚಡ್ಡಿ ಓದುವವರು ಯಾರೂ ಇರಲಿಲ್ಲ ಬಿಡಿ,
ಆದರೂ.

ಹೊರಟ ದಿನ ಮೇಲೆ ಭಾಷಣ, ಗಾಜಿನ ತಟ್ಟೆ, ಚಪ್ಪಾಳೆ.
ಕೆಳಗೆ ಬಂದು ಗ್ವೆನ್ ಅಂದ.
ಏನು ಗ್ವೆನ್, ಅಂದೆ. ಅಷ್ಟೇ.

ನಿನ್ನೆ ಒಂದು ಲಕೋಟೆ. ಗ್ವೆನ್, ಬಟ್ಟೆ ಕೋಣೆ. ಈ ಸಲ ನನ್ನದೇ.
ಒಳಗೆ ಮಾತಿಲ್ಲ, ಫೋಟೋ: ಕಡಲ ದಂಡೆ, ಒಂದು ಹಗ್ಗ,
ಹಗ್ಗದ ಮೇಲೆ ಒಂಟಿ ಚಡ್ಡಿ ಗಾಳಿ ತುಂಬಿ
ಕಾಲಿಲ್ಲದೆಯೂ ಓಡುತ್ತಿದೆ.
ಎಡತೊಡೆ. ಸೊಂಟದಿಂದ ಅಂಚಿನವರೆಗೆ.

ಒಗೆದದ್ದು ತಾಯಿಯೇ ಇರಬೇಕು, ಕಲೆ ಹೋಗಿಲ್ಲ.
ಬಿಸಿನೀರಿಗೆ ಹಾಕಿದ್ದಾಳೆ, ಕಚ್ಚಿಕೊಂಡಿದೆ.
ಮೊದಲು ತಣ್ಣೀರು, ಆಮೇಲೆ ಸೋಪು ಅಂತ
ಬರೆಯಬೇಕು ಅವಳಿಗೆ.
ತಣ್ಣೀರಿಗೆ ಅವರಲ್ಲಿ ಏನನ್ನುತ್ತಾರೋ,
ಹನ್ನೊಂದು ವರ್ಷದಲ್ಲಿ ಒಂದು ದಿನ ಕೇಳಲಿಲ್ಲ.