ಮೂರನೆಯ ಲೋಟ

ವಾಲ್ಪರೈಸೊ. ಮಂಗಳವಾರ, ಸಂಜೆ ಏಳು.
ಬಂದರಿನ ಬೆನ್ನಿಗಿರುವ ಹಳೆಯ ಗೋದಾಮಿನಲ್ಲಿ
ಹನ್ನೊಂದು ಕಂಪ್ಯೂಟರು, ಹದಿಮೂರು ಜನ.
ನಾನು ಎರ್ಸಿಲಿಯಾ, ಐವತ್ತೆರಡು ತುಂಬಿತು,
ಪಕ್ಕದ ಹುಡುಗ ಯೆರ್ಕೊನ ಕೀಬೋರ್ಡಿಗೆ ಅರ್ಧ ಪಾಲುದಾರಳು.

ಪಾಠ ಹೇಳುವ ಮೈತೆಗೆ ನನ್ನ ಮಗಳ ಪ್ರಾಯವೂ ಇಲ್ಲ.
ಮೊದಲ ದಿನವೇ ಅಂದಳು: ಎಣಿಕೆ ಸೊನ್ನೆಯಿಂದ.
ನಗು ಬಂತು.
ಗುಡ್ಡದ ಲಿಫ್ಟಿನ ಟಿಕೆಟ್ ಕಿಂಡಿಯಲ್ಲಿ
ಇಪ್ಪತ್ತಾರು ವರ್ಷ ಚಿಲ್ಲರೆ ಎಣಿಸಿದವಳು ನಾನು;
ಸೊನ್ನೆಯ ಪ್ರಯಾಣಿಕ ಒಬ್ಬನೂ ಹತ್ತಿದ್ದಿಲ್ಲ,
ಅವನ ಹತ್ತಿರ ಕಾಸು ಕೇಳಿದ್ದೂ ಇಲ್ಲ.
ಆ ವಾರವೆಲ್ಲ ನನ್ನ ಲೆಕ್ಕದಲ್ಲಿ ಒಬ್ಬ ಕಡಿಮೆ.
ಪಟ್ಟಿಯ ಕೊನೆಯವನು ಹೊರಗೇ ಉಳಿದ,
ಕಡಲಗಾಳಿಗೆ ಟೋಪಿ ಒತ್ತಿ ಹಿಡಿದುಕೊಂಡು.

ಮೂರನೆಯ ವಾರ ಒಂದು ಅರ್ಧವಿರಾಮ ಮರೆತೆ.
ಪರದೆ ತುಂಬ ಕೆಂಪು.
ಕೈ ತಾನಾಗಿ ಮಡಿಲಿಗೆ ಸರಿದು ಮುಷ್ಟಿಯಾಯಿತು,
ನಲವತ್ತು ವರ್ಷ ಹಿಂದಿನ ಬೆತ್ತ ಕಂಡಂತೆ.
ಮೈತೆ ಬಗ್ಗಿ ಹೇಳಿದಳು:
ಬೈತಿಲ್ಲ ಅದು. ಎಲ್ಲಿ ಎಡವಿದಿರಿ ಅಂತ ಹೇಳ್ತಿದೆ, ಓದಿ.
ಓದಿದೆ. ಹದಿನಾಲ್ಕನೆಯ ಸಾಲು.
ನಿಜ ಹೇಳಬೇಕೆಂದರೆ, ನನ್ನನ್ನು ಬೈದವರಾರೂ
ಇಷ್ಟು ಕರಾರುವಾಕ್ಕಾಗಿ ಜಾಗ ತೋರಿಸಿರಲಿಲ್ಲ.

ಇವತ್ತಿನ ಲೆಕ್ಕ: ಎರಡು ಡಬ್ಬಿಯಲ್ಲಿರುವುದನ್ನು ಅದಲುಬದಲು ಮಾಡಿ.
ಇಷ್ಟೇನಾ!
ಮೇಲಿನ ಗಾಡಿ ಕೆಳಗೆ, ಕೆಳಗಿನದು ಮೇಲೆ,
ದಿನಕ್ಕೆ ನೂರು ಸಲ ನನ್ನ ಕಣ್ಣೆದುರೇ ಆಗಿದೆ ಇದು,
ಅರ್ಧ ದಾರಿಯಲ್ಲಿ ಕಿಟಕಿಗೆ ಕಿಟಕಿ ಸವರಿಕೊಂಡು.
ಬರೆದೆ:
ಮೇಲಿನದಕ್ಕೆ ಕೆಳಗಿನದು.
ಕೆಳಗಿನದಕ್ಕೆ ಮೇಲಿನದು.
ಓಡಿಸಿದೆ.
ಕೆಳಗಿನ ಗಾಡಿ ಮೇಲಿನದನ್ನು ನುಂಗಿ ನೀರು ಕುಡಿದು
ಏನೂ ಅರಿಯದ ಹಾಗೆ
ಎರಡೂ ನಿಲ್ದಾಣದಲ್ಲಿ ನಿಂತಿತ್ತು.

ಮೈತೆ ಮೇಜಿನ ಮೇಲೆ ಎರಡು ಲೋಟ ಇಟ್ಟಳು,
ಒಂದರಲ್ಲಿ ಕಾಫಿ, ಒಂದರಲ್ಲಿ ನೀರು.
ಬದಲಿಸಿ. ಚೆಲ್ಲಬಾರದು.
ಯೆರ್ಕೊ ಅರ್ಧ ಕಾಫಿ ಕುಡಿದುಬಿಟ್ಟ; ಅದೂ ಒಂದು ಉತ್ತರ.
ಆಮೇಲೆ ಅವಳು ಚೀಲದಿಂದ ತೆಗೆದಳು ಇನ್ನೊಂದು,
ಹಿಡಿ ಮುರಿದದ್ದು, ಖಾಲಿ.

ಅದರ ತಳದ ಕಲೆ ನೋಡುತ್ತಿದ್ದಂತೆ
ನಿಬಾಲ್ಡೊ ನೆನಪಾದ.

ಮಧ್ಯಾಹ್ನ ಎರಡಕ್ಕೆ ನಾನು ಮೇಲಕ್ಕೆ, ರೊಸೆಂದೊ ಕೆಳಕ್ಕೆ;
ಮೇಲಿನ ಚಳಿಗಾಳಿ ಇಬ್ಬರೂ ಹಂಚಿಕೊಳ್ಳಬೇಕಲ್ಲ.
ಆ ಹತ್ತು ನಿಮಿಷ ಬೀಗದ ಗೊಂಚಲು ಯಾರ ಕೈಲಿ?
ಗಲ್ಲಾಪೆಟ್ಟಿಗೆಗೆ ಯಾರ ಕಾವಲು?
ನಿಬಾಲ್ಡೊ. ಯಾವ ಪಾಳಿಯ ಪಟ್ಟಿಯಲ್ಲೂ ಇಲ್ಲದವನು.
ಕೇಳಿದ್ದನ್ನು ಹಿಡಿದುಕೊಂಡು ನಿಲ್ಲುತ್ತಿದ್ದ,
ಕೇಳಿದಾಗ ಕೊಡುತ್ತಿದ್ದ,
ನಾಣ್ಯದ ನಡುವೆ ನಾಲ್ಕು ಕಡಲೆಕಾಯಿ ಸಿಪ್ಪೆ ಬಿಟ್ಟು.
ಸಿಪ್ಪೆಗೆ ಎಷ್ಟು ಬೈದಿದ್ದೇನೆ.

ಲಿಫ್ಟು ನಿಂತ ವರ್ಷ ಎಲ್ಲರಿಗೂ ಪರಿಹಾರದ ಕಾಗದ ಬಂತು.
ಅವನಿಗೆ ಯಾವ ಹುದ್ದೆಯೆಂದು ಬರೆದಾರು?
ಹುದ್ದೆಗಳ ನಡುವೆ ಇದ್ದವನು.

ಮೂರು ಸಾಲು ಬರೆದೆ. ಸರಿಯಾಗಿ ಓಡಿತು.
ಏಳಕ್ಕೆ ಆರೂವರೆ.
ಅರ್ಧ ಹೋದದ್ದಕ್ಕೆ ಮೈತೆಯ ಟಿಪ್ಪಣಿ:
ಡಬ್ಬಿಯ ಹೆಸರು ಅದರ ಕೆಲಸ ಹೇಳುವಂತಿರಲಿ,
'ತಾತ್ಕಾಲಿಕ' ಎಂದಿಟ್ಟರೆ ಸಾಕು.

ತಿದ್ದಲಿಲ್ಲ.

ಯಾರು ಈ ನಿಬಾಲ್ಡೊ, ಯೆರ್ಕೊ ಕೇಳಿದ,
ಜಾಕೆಟ್ಟಿಗೆ ಕೈ ತೂರಿಸುತ್ತ.
ಕಡಲೆಕಾಯಿ ತಿನ್ನುತ್ತಿದ್ದ, ಅಂದೆ.
ಬೇರೇನೂ ಹೊಳೆಯಲಿಲ್ಲ.
ಹುಡುಗ ತಲೆಯಾಡಿಸಿ ದೀಪ ಆರಿಸಿದ.
ಕತ್ತಲಲ್ಲಿ ಹನ್ನೊಂದು ಯಂತ್ರಗಳ ಫ್ಯಾನು
ಇನ್ನೂ ಸ್ವಲ್ಪ ಹೊತ್ತು ತಿರುಗುತ್ತಿತ್ತು.